‘ಲೇಟ್’ ಪದ ಎಲ್ಲಿ ಕೂತರೆ ಏನು ಅರ್ಥ

ಬೇರೆಯವರ ಇಂಗ್ಲಿಷ್ ಪತ್ರ ತಿದ್ದಿಕೊಡುವುದು ನನ್ನ ಕೆಲಸ. ‘ಲೇಟ್’ ಕಂಡರೆ ಸಾಕು, ನನ್ನ ಪೆನ್ನು ತಾನಾಗಿ ಅಲ್ಲಿ ನಿಲ್ಲುತ್ತದೆ.

ಮೊದಲು ಅದು ಕೂತ ಜಾಗ ನೋಡಿ. ‘ಈಸ್’ ಆದಮೇಲೆ ಬಂದರೆ ತಡ ಅಂತ ಅರ್ಥ. ‘ಮೈ’ ಅಥವಾ ‘ದಿ’ ಆದಮೇಲೆ, ವ್ಯಕ್ತಿಯನ್ನು ಹೇಳುವ ಪದಕ್ಕೆ ಮುಂಚೆಯೇ ಅಂಟಿಕೊಂಡು ಬಂದರೆ ತೀರಿಕೊಂಡವರು ಅಂತ. ಒಬ್ಬರು ರಜೆ ಅರ್ಜಿಯಲ್ಲಿ ‘ಮೈ ಫಾದರ್ ಈಸ್ ಲೇಟ್’ ಅಂತ ಬರೆದಿದ್ದರು. ಅಪ್ಪ ಹೋಗಿಬಿಟ್ಟರು ಅನ್ನೋದು ಅವರ ಮನಸ್ಸಿನಲ್ಲಿತ್ತು. ಓದಿದವರಿಗೆ ಕಾಣುವುದು ಬಸ್ಸು ತಪ್ಪಿಸಿಕೊಂಡ ಅಪ್ಪ! ಅದನ್ನು ಹೊಡೆದು ‘ಮೈ ಫಾದರ್ ಹ್ಯಾಸ್ ಪಾಸ್ಡ್ ಅವೇ’ ಅಂತ ಮಾಡಿದೆ. ಸಾವಿನ ಸುದ್ದಿ ತಿಳಿಸುವಾಗ ‘ಲೇಟ್’ ಬೇಡವೇ ಬೇಡ. ಸುದ್ದಿ ಗೊತ್ತಾದ ಮೇಲೆ ‘ಮೈ ಲೇಟ್ ಫಾದರ್ಸ್ ಹೌಸ್’ ಅನ್ನಬಹುದು. ತಮಾಷೆ ಅಂದರೆ, ಬೋಟ್ಸ್ವಾನಾ, ದಕ್ಷಿಣ ಆಫ್ರಿಕಾದ ಇಂಗ್ಲಿಷಿನಲ್ಲಿ ‘ಹಿ ಈಸ್ ಲೇಟ್’ ಅಂದರೆ ತೀರಿಕೊಂಡರು ಅಂತಲೂ ಆಗುತ್ತದೆ.

ತೀರಿಕೊಂಡವರಿಗೆಲ್ಲ ಇದನ್ನು ಹಚ್ಚುವ ಹಾಗಿಲ್ಲ. 2022ರಲ್ಲಿ ತೀರಿಕೊಂಡ ಎರಡನೇ ಎಲಿಜಬೆತ್ ‘ದಿ ಲೇಟ್ ಕ್ವೀನ್’. 1603ರಲ್ಲೇ ಹೋದ ಮೊದಲನೇ ಎಲಿಜಬೆತ್‌ಗೆ ಹಾಗಂದರೆ ನಗು ಬರುತ್ತದೆ. ಅವರನ್ನು ನೋಡಿದವರು ಇನ್ನೂ ಇದ್ದಾರಾ ಅಂತ ಕೇಳಿಕೊಳ್ಳಿ, ಸಾಕು. ‘ದಿ’ ಇಲ್ಲದೆ ಸುಮ್ನೆ ‘ಲೇಟ್ ಪಿಕಾಸೊ’ ಅಂತ ಕಲೆಯ ಬಗ್ಗೆ ಬರೆಯುವವರು ಹೇಳಿದರೆ ಅದು ಬೇರೆ, ಅವನ ಕೊನೆಗಾಲದ ಚಿತ್ರಗಳು ಅಂತ.

ಕಾಲದ ಜೊತೆ ಬಂದಾಗ ಕಷ್ಟವಿಲ್ಲ. ‘ಲೇಟ್ ಮಾರ್ಚ್’ ಅಂದರೆ ಮಾರ್ಚ್ ಕೊನೆ. ‘ಲೇಟ್ ಏಯ್ಟೀಸ್’ ಅಂದರೆ 1987ರಿಂದ 1989ರ ಆಸುಪಾಸು.

ನಮಗೆ ಜಾಸ್ತಿ ಕಾಟ ಕೊಡುವುದು ‘ಲೇಟಾಯ್ತು’. ಅದನ್ನು ಹಾಗೇ ಎತ್ತಿ ‘ಐ ಗಾಟ್ ಲೇಟ್’ ಅಂತ ಬರೆಯುತ್ತೇವೆ, ಅಲ್ವಾ? ‘ಐ ಆಮ್ ಲೇಟ್’ ಅನ್ನಿ. ಇನ್ನೂ ದಾರಿಯಲ್ಲಿದ್ದರೆ ‘ಐ ಆಮ್ ರನ್ನಿಂಗ್ ಲೇಟ್’. ‘ಇಟ್ ಗಾಟ್ ಲೇಟ್’ ಸರಿಯೇ, ಆದರೆ ಅದು ಹೊತ್ತು ಮೀರಿತು, ರಾತ್ರಿಯಾಯ್ತು ಅನ್ನುವುದಕ್ಕೆ. ಎಷ್ಟು ತಡ ಅನ್ನೋದು ಮುಂಚೆ ಬರಲಿ: ‘ಟೆನ್ ಮಿನಿಟ್ಸ್ ಲೇಟ್ ಫಾರ್ ದಿ ಮೀಟಿಂಗ್’. ಬಾಡಿಗೆ ಕಟ್ಟುವುದು ತಡವಾದರೆ ‘ಲೇಟ್ ವಿತ್ ದಿ ರೆಂಟ್’.

‘ಹಿ ಕೇಮ್ ಲೇಟ್ಲಿ’ ಅಂತ ಬಾಲ ಅಂಟಿಸಬೇಡಿ. ತಡವಾಗಿ ಬಂದ ಅನ್ನುವುದಕ್ಕೂ ‘ಹಿ ಕೇಮ್ ಲೇಟ್’ ಸಾಕು. ‘ಲೇಟ್ಲಿ’ ಅಂದರೆ ಇತ್ತೀಚೆಗೆ: ‘ಐ ಹ್ಯಾವ್ ಬೀನ್ ಬ್ಯುಸಿ ಲೇಟ್ಲಿ’.

ಇನ್ನು ‘ಲೇಟೆಸ್ಟ್’, ‘ಲಾಸ್ಟ್’. ಮೆಚ್ಚಿನ ಲೇಖಕಿಗೆ ‘ಯುವರ್ ಲಾಸ್ಟ್ ಬುಕ್’ ಅಂತ ಬರೆದರೆ ಹಿಂದಿನ ಪುಸ್ತಕ ಅಂತಲೂ ಆಗುತ್ತದೆ, ಇನ್ನು ಮುಂದೆ ನೀವು ಬರೆಯಲ್ಲ ಅಂತಲೂ ಆಗುತ್ತದೆ. ‘ಲೇಟೆಸ್ಟ್’ನಲ್ಲಿ ಆ ಗುಮಾನಿ ಇಲ್ಲ. ಅವರು ಇನ್ನೂ ಬರೆಯುತ್ತಿದ್ದರೆ ಅದನ್ನೇ ಹಾಕಿ.