ಆ್ಯಪ್ ಮುಚ್ಚಿದ್ದು ಯಾರು? ಮೊದಲು ಕಳ್ಳನನ್ನು ಹಿಡಿಯಿರಿ, ಆಮೇಲೆ ಸೆಟ್ಟಿಂಗ್ ಬದಲಿಸಿ

ಕಲಬುರಗಿಯ ಅಪ್ಪನ ಕೆರೆಯ ಸುತ್ತ ನಸುಕಿನಲ್ಲಿ ನಡೆಯುವವರಲ್ಲಿ ನಮ್ಮ ಕಾಕಾ ಒಬ್ಬರು. ಕಿವಿಯಲ್ಲಿ ವಚನ ಗಾಯನ, ಅಂಗಿಯ ಜೇಬಿನಲ್ಲಿ 4 ಜಿಬಿ ರ‍್ಯಾಮ್‌ನ ಫೋನ್. ಎರಡನೇ ಸುತ್ತು ಮುಗಿಯುವಷ್ಟರಲ್ಲಿ ಹಾಡು ನಿಂತುಬಿಡುತ್ತಿತ್ತು. ತೆಗೆದು ನೋಡಿದರೆ ಹಾಡಿನ ಆ್ಯಪ್ ತೆರೆದಿದ್ದ ಗುರುತೇ ಇರುತ್ತಿರಲಿಲ್ಲ. ಗಂಜ್‌ನಲ್ಲಿ (ಧಾನ್ಯದ ಮಾರುಕಟ್ಟೆಯಲ್ಲಿ) ತೊಗರಿ ವ್ಯಾಪಾರ ಮಾಡುವ ಅವರಿಗೆ ಇದಕ್ಕಿಂತ ದೊಡ್ಡ ತಲೆನೋವು ಇನ್ನೊಂದಿತ್ತು. ಬೆಳಿಗ್ಗೆ ಹತ್ತಕ್ಕೆ ಬರಬೇಕಾದ ದರದ ಸಂದೇಶಗಳು ಮಧ್ಯಾಹ್ನ ಫೋನ್ ಕೈಗೆತ್ತಿಕೊಂಡಾಗ ಒಟ್ಟಿಗೆ ಸುರಿಯುತ್ತಿದ್ದವು. ರಿಪೇರಿ ಅಂಗಡಿಯಲ್ಲಿ ‘ರ‍್ಯಾಮ್ ಸಾಲದು, ಹೊಸದು ಕೊಳ್ಳಿ’ ಎಂದರಂತೆ. ಕಾಕಾ ಫೋನನ್ನು ನನ್ನ ಮುಂದಿಟ್ಟು, ‘ತಮ್ಮಾ, ದುಡ್ಡು ಹಾಕುವ ಮೊದಲು ನೀನೊಮ್ಮೆ ನೋಡು’ ಎಂದರು.

ನೋಡಿದೆ. ರ‍್ಯಾಮ್ ಬೇಕಾದಷ್ಟಿತ್ತು. ಆ್ಯಪ್‌ಗಳನ್ನು ಮುಚ್ಚುತ್ತಿದ್ದುದು ಬೇರೆಯೇ ಇಬ್ಬರು, ಅದರಲ್ಲಿ ಒಬ್ಬರು ಸ್ವತಃ ಕಾಕಾ.

ಕಟ್ಟೆ ಮತ್ತು ಗೋದಾಮು

ಗಂಜ್‌ನ ಅಂಗಡಿಯನ್ನೇ ನೆನಪಿಗೆ ತಂದುಕೊಳ್ಳಿ. ಕುಳಿತಲ್ಲಿಂದಲೇ ಕೈಗೆಟಕುವ ಕಟ್ಟೆ ರ‍್ಯಾಮ್; ಹಿಂದಿನ ಗೋದಾಮು ಸ್ಟೋರೇಜ್. ಕಟ್ಟೆಯನ್ನು ಖಾಲಿ ಇಟ್ಟುಕೊಂಡು ಕುಳಿತರೆ ಪ್ರತಿ ಗಿರಾಕಿಗೂ ಗೋದಾಮಿಗೆ ಓಡಬೇಕಾಗುತ್ತದೆ. ಆದ್ದರಿಂದ ಆಂಡ್ರಾಯ್ಡ್ ಕಟ್ಟೆಯನ್ನು ಬೇಕೆಂದೇ ತುಂಬಿಡುತ್ತದೆ. ನೀವು ಬಿಟ್ಟುಬಂದ ಆ್ಯಪ್‌ಗಳನ್ನು ಅಲ್ಲೇ ಉಳಿಸಿಕೊಂಡು, ಜಾಗ ಬೇಕಾದಾಗ ಮಾತ್ರ ಒಂದೊಂದಾಗಿ ಎತ್ತಿ ಹಾಕುತ್ತದೆ. ‘ರ‍್ಯಾಮ್ 80 ಪ್ರತಿಶತ ತುಂಬಿದೆ’ ಎಂದು ಕೆಂಪು ಅಕ್ಷರದಲ್ಲಿ ಹೆದರಿಸುವ ‘ಕ್ಲೀನರ್’ ಆ್ಯಪ್‌ಗಳು ಈ ವಿಷಯವನ್ನು ನಿಮಗೆ ಹೇಳುವುದಿಲ್ಲ. ಹೇಳಿದರೆ ಅವುಗಳ ಅಂಗಡಿ ನಡೆಯದು.

ಎತ್ತಿ ಹಾಕುವುದಕ್ಕೂ ಒಂದು ಸರದಿ ಇದೆ. ಪ್ರತಿ ಆ್ಯಪ್‌ಗೂ ಆಂಡ್ರಾಯ್ಡ್ ಒಂದು ಅಂಕ ಕೊಟ್ಟಿರುತ್ತದೆ. ಪರದೆಯ ಮೇಲೆ ನೀವು ಈಗ ಬಳಸುತ್ತಿರುವುದಕ್ಕೆ ಸೊನ್ನೆ. ಪರದೆಯಲ್ಲಿ ಇಲ್ಲದಿದ್ದರೂ ಹಾಡುತ್ತಿರುವ ಆ್ಯಪ್‌ಗೆ 200. ಹೋಮ್ ಪರದೆಗೆ 600, ಆಗಷ್ಟೇ ಬಿಟ್ಟುಬಂದ ಆ್ಯಪ್‌ಗೆ 700, ಸುಮ್ಮನೆ ಬಿದ್ದಿರುವ ಹಳೆಯವಕ್ಕೆ 900ಕ್ಕಿಂತ ಮೇಲೆ. ಜಾಗ ಸಾಲದೇ ಹೋದಾಗ ದೊಡ್ಡ ಅಂಕದಿಂದ ಕೊಲ್ಲುತ್ತಾ ಕೆಳಗಿಳಿಯುತ್ತದೆ.

ಈ ಅಂಕ ತಿಳಿದರೆ ಅರ್ಧ ರೋಗ ಪತ್ತೆಯಾದಂತೆ. 200ರಲ್ಲಿರುವ ಹಾಡು ರ‍್ಯಾಮ್ ಸಾಲದೆ ಸಾಯಬೇಕಾದರೆ ಅದಕ್ಕಿಂತ ಮೊದಲು ಉಳಿದೆಲ್ಲ ಆ್ಯಪ್‌ಗಳು ಹೋಗಿ, ಹೋಮ್ ಪರದೆಯೂ ಹೋಗಿರಬೇಕು. ಜೇಬಿನಲ್ಲಿ ಸುಮ್ಮನಿದ್ದ ಫೋನ್‌ನಲ್ಲಿ ಅಂಥದ್ದೇನೂ ನಡೆದಿರಲಿಲ್ಲ.

ಹೆಜ್ಜೆ ಒಂದು: ಮೂರು ಪರೀಕ್ಷೆ

ಆ್ಯಪ್ ಸತ್ತಿತ್ತೇ ಎಂದು ತಿಳಿಯುವುದು ಸುಲಭ. ಮರಳಿ ತೆರೆದಾಗ ಬಿಟ್ಟ ಜಾಗದಲ್ಲೇ ಇದ್ದರೆ ಬದುಕಿತ್ತು. ಲೋಗೊ ತೋರಿಸಿ ಮೊದಲಿನಿಂದ ಶುರುವಾದರೆ ಬಹುತೇಕ ಸತ್ತಿತ್ತು. ಕೊಂದವರು ಯಾರೆಂದು ತಿಳಿಯಲು ಫೋನನ್ನು ರಿಸ್ಟಾರ್ಟ್ ಮಾಡಿ, ತೊಂದರೆಯ ಆ್ಯಪ್ ಒಂದನ್ನೇ ತೆರೆದು ಹೀಗೆ ಮಾಡಿ.

ಹೋಮ್ ಒತ್ತಿ, ಕ್ಯಾಮೆರಾ ಅಥವಾ ದೊಡ್ಡ ಆಟ ತೆರೆದು ಹಿಂತಿರುಗಿ. ಆಗಲೇ ಸತ್ತಿದ್ದರೆ ಅಪರಾಧಿ ರ‍್ಯಾಮ್ ಕೊರತೆ. ಉಳಿದಿದ್ದರೆ, ಚಾರ್ಜರ್ ತೆಗೆದು, ಪರದೆ ಆರಿಸಿ, ಒಂದು ಗಂಟೆ ಮೇಜಿನ ಮೇಲೆ ಬಿಡಿ. ಮರುದಿನ ಅದೇ ಪರೀಕ್ಷೆಯನ್ನು ಚಾರ್ಜರ್ ಸಿಕ್ಕಿಸಿ ಮಾಡಿ. ಚಾರ್ಜರ್ ಇದ್ದಾಗ ಸಂದೇಶ ಸಮಯಕ್ಕೆ ಬಂದು, ಇಲ್ಲದಾಗ ತಡವಾದರೆ ಅದು ಬ್ಯಾಟರಿ ಉಳಿಸುವ ನಿಯಮದ ಕೆಲಸ. 2015ರ ಆಂಡ್ರಾಯ್ಡ್ 6ರಿಂದ ಬಂದಿರುವ ‘ಡೋಜ್’ ವ್ಯವಸ್ಥೆ ಪರದೆ ಆರಿ, ಚಾರ್ಜರ್ ಇಲ್ಲದೆ, ಫೋನ್ ಅಲುಗದೆ ಬಿದ್ದಿರುವಾಗ ಆ್ಯಪ್‌ಗಳ ಇಂಟರ್‌ನೆಟ್ಟಿಗೆ ಬೇಲಿ ಹಾಕುತ್ತದೆ. ಚಾರ್ಜರ್ ಸಿಕ್ಕಿಸಿದೊಡನೆ ಬೇಲಿ ತೆರೆಯುತ್ತದೆ.

ಎರಡರಲ್ಲೂ ಸಿಗದಿದ್ದರೆ, ಇತ್ತೀಚಿನ ಆ್ಯಪ್‌ಗಳ ಪಟ್ಟಿಯಿಂದ ಅದನ್ನು ಬೆರಳಿನಿಂದ ತಳ್ಳಿಹಾಕಿ ನೋಡಿ. ಆ ಕ್ಷಣದಿಂದ ಸಂದೇಶ ಬರುವುದೇ ನಿಂತರೆ, ಅಥವಾ ಬರೀ ಪರದೆ ಆರಿಸಿದ ಹತ್ತು ನಿಮಿಷಕ್ಕೆ ಹಾಡು ನಿಂತರೆ, ಅದು ಫೋನ್ ತಯಾರಕರು ಆಂಡ್ರಾಯ್ಡ್ ಮೇಲೆ ಕೂರಿಸಿರುವ ತಮ್ಮದೇ ಕಾವಲುಗಾರನ ಕೆಲಸ. ಬ್ಯಾಟರಿ ಹೆಚ್ಚು ಹೊತ್ತು ಬಂತೆಂದು ಗ್ರಾಹಕ ಮೆಚ್ಚಲಿ ಎಂಬ ಆಸೆಯಿಂದ ಆ ಕಾವಲುಗಾರ ಅಂಕಗಳ ಸರದಿಯನ್ನೂ ಲೆಕ್ಕಿಸುವುದಿಲ್ಲ.

ಕಾಕಾ ಫೋನ್‌ನಲ್ಲಿ ಹಾಡಿನ ಅಪರಾಧಿ ಇವನೇ. ದರದ ಸಂದೇಶದ್ದು ಬೇರೆ ಕಥೆ: ದಿನಕ್ಕೆ ಹತ್ತು ಸಲ ಎಲ್ಲ ಆ್ಯಪ್‌ಗಳನ್ನೂ ತಳ್ಳಿಹಾಕುವುದು ಅವರ ರೂಢಿ. ಕೆಲವು ಕಂಪನಿಗಳ ಫೋನ್‌ನಲ್ಲಿ ಹಾಗೆ ತಳ್ಳಿದ ಆ್ಯಪ್ ನೀವಾಗಿ ತೆರೆಯುವವರೆಗೆ ಏಳುವುದಿಲ್ಲ. ಜೊತೆಗೆ, ಆ ಆ್ಯಪ್ ಅನ್ನು ಅವರು ತೆರೆಯುತ್ತಿದ್ದುದೇ ಅಪರೂಪ. 2018ರ ಆಂಡ್ರಾಯ್ಡ್ 9ರಿಂದ ಫೋನ್ ಆ್ಯಪ್‌ಗಳನ್ನು ಬಳಕೆಗೆ ತಕ್ಕಂತೆ ಗುಂಪು ಮಾಡಿ, ಅಪರೂಪದವಕ್ಕೆ ಹಿನ್ನೆಲೆಯಲ್ಲಿ ಕಡಿಮೆ ಪಾಲು ಕೊಡುತ್ತದೆ.

ಹೆಜ್ಜೆ ಎರಡು: ಬ್ಯಾಟರಿಯ ಬೇಲಿ

ಆ್ಯಪ್‌ನ ಚಿತ್ರವನ್ನು ಒತ್ತಿ ಹಿಡಿದು ‘ಆ್ಯಪ್ ಇನ್ಫೋ’ಗೆ ಹೋಗಿ, ಅಲ್ಲಿ ‘ಬ್ಯಾಟರಿ’ ತೆರೆಯಿರಿ. ಆಂಡ್ರಾಯ್ಡ್ 12 ಮತ್ತು ಅದರ ನಂತರದವುಗಳಲ್ಲಿ ಸಾಮಾನ್ಯವಾಗಿ ಮೂರು ಆಯ್ಕೆ ಕಾಣುತ್ತವೆ: ಅನ್‌ರಿಸ್ಟ್ರಿಕ್ಟೆಡ್, ಆಪ್ಟಿಮೈಸ್ಡ್, ರಿಸ್ಟ್ರಿಕ್ಟೆಡ್. ನಿಮಗೆ ತೀರಾ ಬೇಕಾದದ್ದನ್ನು ಮೊದಲನೆಯದಕ್ಕೆ ಹಾಕಿ. ಎಲ್ಲವನ್ನೂ ಅಲ್ಲ, ಮೂರೋ ನಾಲ್ಕೋ ಸಾಕು. ಇಡೀ ಊರಿಗೆ ಪಾಸ್ ಕೊಟ್ಟರೆ ಬೇಲಿಯೇ ಇಲ್ಲದಂತಾಗಿ ಸಂಜೆಯೊಳಗೆ ಬ್ಯಾಟರಿ ಕೈಕೊಡುತ್ತದೆ. ರಿಸ್ಟ್ರಿಕ್ಟೆಡ್‌ನಲ್ಲಿ ಕಾಣುವ, ನಿಮಗೆ ಬೇಕಾದ ಆ್ಯಪ್ ಇದ್ದರೆ ತಕ್ಷಣ ತೆಗೆಯಿರಿ. ಬ್ಯಾಟರಿ ಸೇವರ್ ಹಗಲಿಡೀ ಆನ್ ಆಗಿದೆಯೇ ಎಂದೂ ನೋಡಿ.

ಹೆಜ್ಜೆ ಮೂರು: ಕಂಪನಿಯ ಕಾವಲುಗಾರ

ಇಲ್ಲಿ ಸ್ವಲ್ಪ ಸಹನೆ ಬೇಕು. ಒಂದೊಂದು ಕಂಪನಿ ಒಂದೊಂದು ಕಡೆ ಬೀಗ ಇಟ್ಟಿದೆ, ಮಾದರಿ ಬದಲಾದರೆ ಹೆಸರೂ ಅಷ್ಟಿಷ್ಟು ಬದಲಾಗುತ್ತದೆ. ಸೆಟ್ಟಿಂಗ್ಸ್‌ನ ಮೇಲಿರುವ ಹುಡುಕು ಪಟ್ಟಿಯಲ್ಲಿ ಈ ಹೆಸರುಗಳನ್ನು ಟೈಪ್ ಮಾಡಿದರೆ ಬೇಗ ಸಿಗುತ್ತವೆ.

ಶಿಯೋಮಿ, ರೆಡ್ಮಿ, ಪೊಕೊ ಫೋನ್‌ಗಳಲ್ಲಿ ‘ಆಟೊಸ್ಟಾರ್ಟ್’ ಹುಡುಕಿ ಬೇಕಾದ ಆ್ಯಪ್‌ಗೆ ಅನುಮತಿ ಕೊಡಿ. ಅದರ ಬ್ಯಾಟರಿ ಸೇವರ್ ಆಯ್ಕೆಯಲ್ಲಿ ‘ನೋ ರಿಸ್ಟ್ರಿಕ್ಷನ್ಸ್’ ಆರಿಸಿ. ಎರಡೂ ಬೇಕು, ಒಂದೇ ಮಾಡಿದರೆ ಫಲ ಅರ್ಧ. ಒಪ್ಪೊ ಮತ್ತು ರಿಯಲ್‌ಮಿಯಲ್ಲಿ ಆ್ಯಪ್ ಇನ್ಫೋದ ಬ್ಯಾಟರಿ ಪುಟದಲ್ಲೇ ‘ಅಲೋ ಆಟೊ ಲಾಂಚ್’ ಮತ್ತು ‘ಅಲೋ ಬ್ಯಾಕ್‌ಗ್ರೌಂಡ್ ಆ್ಯಕ್ಟಿವಿಟಿ’ ಇರುತ್ತವೆ. ವಿವೊದಲ್ಲಿ ಬ್ಯಾಟರಿಯೊಳಗೆ ಹಿನ್ನೆಲೆಯ ವಿದ್ಯುತ್ ಬಳಕೆಯ ಪಟ್ಟಿ ಇದೆ. ಅದರಲ್ಲಿ ಆ್ಯಪ್‌ಗೆ ಹೆಚ್ಚಿನ ಬಳಕೆಯ ಅನುಮತಿ ಕೊಡಬೇಕು. ಸ್ಯಾಮ್‌ಸಂಗ್‌ನಲ್ಲಿ ಬ್ಯಾಟರಿ, ಅದರೊಳಗೆ ‘ಬ್ಯಾಕ್‌ಗ್ರೌಂಡ್ ಯೂಸೇಜ್ ಲಿಮಿಟ್ಸ್’. ಅಲ್ಲಿ ‘ಸ್ಲೀಪಿಂಗ್’, ‘ಡೀಪ್ ಸ್ಲೀಪಿಂಗ್’ ಎಂಬ ಎರಡು ಮಲಗುವ ಕೋಣೆಗಳಿವೆ, ಜೊತೆಗೆ ಎಂದೂ ಮಲಗಿಸಬಾರದವುಗಳ ಪಟ್ಟಿ ಒಂದಿದೆ. ನಿಮಗೆ ಬೇಕಾದದ್ದು ಈ ಕೊನೆಯ ಪಟ್ಟಿಯಲ್ಲಿರಲಿ.

ಇದಾದ ಮೇಲೆ ಇತ್ತೀಚಿನ ಆ್ಯಪ್‌ಗಳ ಪಟ್ಟಿ ತೆರೆದು, ಆ ಆ್ಯಪ್‌ನ ಚೌಕವನ್ನು ಒತ್ತಿ ಹಿಡಿಯಿರಿ ಅಥವಾ ಅದರ ಮೂಲೆಯ ಮೆನು ನೋಡಿ. ಬೀಗದ ಗುರುತು ಕಂಡರೆ ಒತ್ತಿ. ‘ಎಲ್ಲವನ್ನೂ ಮುಚ್ಚು’ ಒತ್ತಿದರೂ ಬೀಗ ಹಾಕಿದ್ದು ಉಳಿಯುತ್ತದೆ. ಕಾಕಾ ಕೈಚಳಕವನ್ನು ಬಿಡಿಸುವುದಕ್ಕಿಂತ ಈ ಬೀಗ ಹಾಕುವುದು ನನಗೆ ಸುಲಭವೆನಿಸಿತು.

ಹೆಜ್ಜೆ ನಾಲ್ಕು: ನಿಜವಾಗಿಯೂ ರ‍್ಯಾಮ್ ಸಾಲದಿದ್ದರೆ

2 ಅಥವಾ 3 ಜಿಬಿಯ ಫೋನ್‌ಗಳಲ್ಲಿ ಕೊರತೆ ನಿಜವೇ. ಇದರ ಪೆಟ್ಟು ಹೆಚ್ಚಾಗಿ ತಿನ್ನುವವರು ಹೊಲದಲ್ಲಿ, ಮನೆ ಮನೆಯ ಬಾಗಿಲಲ್ಲಿ ನಿಂತು ಅರ್ಜಿ ತುಂಬುವವರು. ಆಳಂದ ಕಡೆಯ ಹೊಲವೊಂದರಲ್ಲಿ ಸರ್ವೆ ನಂಬರ್, ಹೆಸರು, ಬೆಳೆ ಎಲ್ಲ ತುಂಬಿ, ಕೊನೆಗೆ ಫೋಟೊಗೆಂದು ಕ್ಯಾಮೆರಾ ಒತ್ತುತ್ತೀರಿ. ಕ್ಯಾಮೆರಾ ರ‍್ಯಾಮ್ ನುಂಗುವುದರಲ್ಲಿ ಬಕಾಸುರ. ಅದು ಸೊನ್ನೆಗೆ ಬಂದು ಕೂರುತ್ತದೆ, ಅರ್ಜಿಯ ಆ್ಯಪ್ 700ಕ್ಕೆ ಸರಿಯುತ್ತದೆ. ಫೋಟೊ ತೆಗೆದು ಮರಳಿದರೆ ಅರ್ಜಿ ಖಾಲಿ.

ಇದಕ್ಕೆ ಒಂದೇ ಗುಂಡಿ ಎಂಬುದಿಲ್ಲ. ಊರಿಂದ ಹೊರಡುವ ಮೊದಲು ಫೋನನ್ನು ರಿಸ್ಟಾರ್ಟ್ ಮಾಡಿ. ಅರ್ಜಿಯ ಆ್ಯಪ್ ಬಿಟ್ಟು ಬೇರೇನನ್ನೂ ತೆರೆಯಬೇಡಿ. ಚಲಿಸುವ ವಾಲ್‌ಪೇಪರ್ ಮತ್ತು ಪರದೆಯ ಮೇಲೆ ತೇಲುವ ಗುಳ್ಳೆಗಳನ್ನು ತೆಗೆದುಹಾಕಿ. ಕಣ್ಣಿಗೆ ಕಾಣುವವು ಸೊನ್ನೆಯ ಹತ್ತಿರದ ಅಂಕ ಪಡೆದು, ಕೊನೆಯವರೆಗೂ ಜಾಗ ಬಿಡುವುದಿಲ್ಲ. ‘ಉಳಿಸು’ ಗುಂಡಿ ಇದ್ದರೆ ಕ್ಯಾಮೆರಾಗೆ ಮುಂಚೆ ಒತ್ತಿ. ಮೇ ತಿಂಗಳ ನಮ್ಮ ಬಿಸಿಲಲ್ಲಿ ಫೋನನ್ನು ಬೈಕಿನ ಟ್ಯಾಂಕ್ ಮೇಲೆ ಇಡಬೇಡಿ: ಕಾವೇರಿದ ಫೋನ್ ತನ್ನ ವೇಗ ತಗ್ಗಿಸುತ್ತದೆ, ಕೆಲವು ಮಾದರಿಗಳು ತಂಪಾಗಲೆಂದು ಆ್ಯಪ್‌ಗಳನ್ನೂ ಮುಚ್ಚುತ್ತವೆ.

ಯಾವ ಆ್ಯಪ್ ಎಷ್ಟು ತಿನ್ನುತ್ತದೆ ಎಂದು ನೋಡಲು ‘ಅಬೌಟ್ ಫೋನ್’ನಲ್ಲಿ ‘ಬಿಲ್ಡ್ ನಂಬರ್’ ಮೇಲೆ ಏಳು ಸಲ ಒತ್ತಿ, ತೆರೆದುಕೊಳ್ಳುವ ಡೆವಲಪರ್ ಆಯ್ಕೆಗಳಲ್ಲಿ ‘ಮೆಮೊರಿ’ ಅಥವಾ ‘ರನ್ನಿಂಗ್ ಸರ್ವೀಸಸ್’ ನೋಡಿ. ನೋಡಿ ಹೊರಗೆ ಬನ್ನಿ. ಅಲ್ಲೇ ಇರುವ ‘ಬ್ಯಾಕ್‌ಗ್ರೌಂಡ್ ಪ್ರೊಸೆಸ್ ಲಿಮಿಟ್’ ಕಂಡು ಕೈ ತುರಿಸುತ್ತದೆ. ಅದು ಹಿನ್ನೆಲೆಯ ಆ್ಯಪ್‌ಗಳನ್ನು ನಾಲ್ಕಕ್ಕೋ ಸೊನ್ನೆಗೋ ಇಳಿಸುವ ಗುಂಡಿ, ಎಂದರೆ ಕೊಲ್ಲುವುದನ್ನು ಹೆಚ್ಚಿಸುವ ಗುಂಡಿ. ಅದು ‘ಸ್ಟ್ಯಾಂಡರ್ಡ್’ ಆಗಿಯೇ ಇರಲಿ. ಬಿಟ್ಟುಬಂದ ಪುಟವನ್ನು ತಕ್ಷಣ ಅಳಿಸುವ ‘ಡೋಂಟ್ ಕೀಪ್ ಆ್ಯಕ್ಟಿವಿಟೀಸ್’ ಯಾರಾದರೂ ಆನ್ ಮಾಡಿಟ್ಟಿದ್ದರೆ ಆಫ್ ಮಾಡಿ.

ಹೆಚ್ಚುವರಿ ರ‍್ಯಾಮ್ ಎಂಬ ಆಮಿಷ

‘4 ಜಿಬಿ ಜೊತೆಗೆ ಇನ್ನೂ 4 ಜಿಬಿ’ ಎಂದು ಪೆಟ್ಟಿಗೆಯ ಮೇಲೆ ಬರೆದಿರುವುದು ಗೋದಾಮಿನ ಒಂದು ಮೂಲೆಯನ್ನು ಕಟ್ಟೆ ಎಂದು ಕರೆದಂತೆ. ಸ್ಯಾಮ್‌ಸಂಗ್ ಇದನ್ನು ‘ರ‍್ಯಾಮ್ ಪ್ಲಸ್’ ಎನ್ನುತ್ತದೆ, ಬೇರೆಯವರು ಬೇರೆ ಹೆಸರಿಟ್ಟಿದ್ದಾರೆ. ಸ್ಟೋರೇಜ್ ರ‍್ಯಾಮ್‌ಗಿಂತ ಬಹಳ ನಿಧಾನ, ಆದ್ದರಿಂದ ಆ್ಯಪ್ ಉಳಿದರೂ ಏಳುವಾಗ ಮೈಮುರಿಯುತ್ತದೆ. ಇದಲ್ಲದೆ ಆಂಡ್ರಾಯ್ಡ್‌ನಲ್ಲಿ 4.4ನೇ ಆವೃತ್ತಿಯಿಂದ (2013) ‘ಜ಼ೆಡ್‌ರ‍್ಯಾಮ್’ ಎಂಬ ಉಪಾಯವಿದೆ: ಜಿನ್ನಿಂಗ್ ಮಿಲ್ಲಿನಲ್ಲಿ ಸಡಿಲ ಹತ್ತಿಯನ್ನು ಒತ್ತಿ ಬೇಲ್ ಕಟ್ಟುವಂತೆ, ಬಳಸದ ಮಾಹಿತಿಯನ್ನು ರ‍್ಯಾಮ್‌ನೊಳಗೇ ಒತ್ತಿಡುತ್ತದೆ. ಒತ್ತಲು ಬಿಚ್ಚಲು ಪ್ರೊಸೆಸರ್ ದುಡಿಯಬೇಕು, ಅಷ್ಟೇ ಖರ್ಚು. ಹೆಚ್ಚುವರಿ ರ‍್ಯಾಮ್ ಆನ್ ಮಾಡಿ ಎರಡು ದಿನ, ಆಫ್ ಮಾಡಿ ಎರಡು ದಿನ ಬಳಸಿ ನೋಡಿ. ಸ್ಟೋರೇಜ್ ತುಂಬಿ ತುಳುಕುತ್ತಿದ್ದರಂತೂ ಆಫ್ ಮಾಡಿ, ಜೊತೆಗೆ ವಾಟ್ಸ್‌ಆ್ಯಪ್‌ನಲ್ಲಿ ತಾನಾಗಿ ಡೌನ್‌ಲೋಡ್ ಆಗುವ ಶುಭೋದಯದ ಹೂಗಳನ್ನೂ ನಿಲ್ಲಿಸಿ.

ಫೋನನ್ನು ರೂಟ್ ಮಾಡಿ (ಕಂಪನಿಯ ಬೀಗ ಮುರಿದು ಪೂರ್ತಿ ಹಿಡಿತ ಪಡೆದು) ‘ಮಿನ್‌ಫ್ರೀ’ ಎಂಬ ಆರು ಅಂಕಿಗಳನ್ನು ತಿದ್ದಿರಿ ಎಂಬ ಸಲಹೆಯೂ ಓಡಾಡುತ್ತದೆ. ಅದು ಹಳೆಯ ಕಾಲದ್ದು. ಅಲ್ಲಿ ಲೆಕ್ಕ 4 ಕೆಬಿಯ ‘ಪುಟ’ಗಳಲ್ಲಿ, ಎಂದರೆ ಮೆಮೊರಿಯ ತುಣುಕುಗಳಲ್ಲಿ. 18432 ಎಂದರೆ 72 ಎಂಬಿ. ಉಳಿದ ಜಾಗ ಅದಕ್ಕಿಂತ ಕೆಳಗಿಳಿದರೆ ಕೊಲ್ಲು ಎಂಬ ಗೆರೆ ಅದು. ಆಂಡ್ರಾಯ್ಡ್ 9ರಿಂದ ಈ ಕೆಲಸ ಆಂಡ್ರಾಯ್ಡ್‌ನ ಒಳತಿರುಳಾದ ಕರ್ನಲ್‌ನಿಂದ ಹೊರಬಂದು ‘ಎಲ್‌ಎಂಕೆಡಿ’ ಎಂಬ ಬೇರೆ ಪ್ರೋಗ್ರಾಂ ಕೈಗೆ ಹೋಗಿದೆ. ಇಂದಿನ ಫೋನ್‌ನಲ್ಲಿ ಆ ಅಂಕಿಗಳನ್ನು ಹುಡುಕಲು ರೂಟ್ ಮಾಡಿದರೆ ಸಿಗುವುದು ತೆರೆಯಲೊಲ್ಲದ ಬ್ಯಾಂಕ್ ಆ್ಯಪ್ ಮಾತ್ರ.

ಕಾಕಾ ಫೋನ್‌ನಿಂದ ಕ್ಲೀನರ್ ಆ್ಯಪ್ ತೆಗೆದು, ಹಾಡಿಗೂ ದರದ ಆ್ಯಪ್‌ಗೂ ಅನುಮತಿ ಕೊಟ್ಟು, ಎರಡಕ್ಕೂ ಬೀಗ ಹಾಕಿದೆ. ಮೂರು ವಾರ ಕೆರೆಯ ನಾಲ್ಕು ಸುತ್ತೂ ವಚನ ನಿಲ್ಲಲಿಲ್ಲ. ಆಮೇಲೊಂದು ಬೆಳಿಗ್ಗೆ ಕರೆ ಬಂತು: ಮತ್ತೆ ನಿಂತಿದೆ. ಹಿಂದಿನ ರಾತ್ರಿ ಫೋನ್ ಅಪ್‌ಡೇಟ್ ಆಗಿತ್ತು, ಆಟೊಸ್ಟಾರ್ಟ್ ಅನುಮತಿ ಅಳಿಸಿಹೋಗಿತ್ತು. ದೊಡ್ಡ ಅಪ್‌ಡೇಟ್ ಆದಾಗಲೆಲ್ಲ ಎರಡನೇ ಮತ್ತು ಮೂರನೇ ಹೆಜ್ಜೆಯ ಪುಟಗಳನ್ನು ಮತ್ತೊಮ್ಮೆ ತೆರೆದು ನೋಡಿ.