ಅಜ್ಜಿಯ ಚೆಂಬು, ತೆಳು ಪೇಪರು, ಮೂರು ಬಣ್ಣದ ಕ್ರೆಯಾನ್

ಕಳೆದ ಆಟಿಯಲ್ಲಿ, ಅಂದ್ರೆ ತುಳುವಿನ ಜೋರು ಮಳೆಯ ತಿಂಗಳಲ್ಲಿ, ಉಡುಪಿ ಹತ್ರದ ನಮ್ಮ ಹಳೇ ಮನೆಗೆ ಹೋಗಿದ್ವಿ, ಮಳೆ ಅಂದ್ರೆ ಅಂಗಳಕ್ಕೂ ಇಳಿಲಿಕ್ಕೆ ಆಗದ ಮಳೆ, ಕರೆಂಟೂ ಇಲ್ಲ, ಮಗಳಿಗೆ ಬೋರು. ಅಟ್ಟದಿಂದ ಒಂದು ಹಿತ್ತಾಳೆ ಚೆಂಬು ಇಳಿಸಿ, ಅದಕ್ಕೆ ತೆಳು ಪೇಪರ್ ಸುತ್ತಿ, ಮೇಲಿಂದ ಕ್ರೆಯಾನ್ ಉಜ್ಜು ಅಂತ ಕೊಟ್ಟೆ. ನಾವೆಲ್ಲ ಚಿಕ್ಕವರಿದ್ದಾಗ ನಾಣ್ಯದ ಮೇಲೆ ಪೇಪರಿಟ್ಟು ಪೆನ್ಸಿಲ್ ಉಜ್ಜಿದ ಹಾಗೆ. ಉಜ್ಜುತ್ತಾ ಉಜ್ಜುತ್ತಾ ಚೆಂಬಿನ ಕುತ್ತಿಗೆ ಕೆಳಗೆ ಬಿಳಿ ಚುಕ್ಕಿ ಚುಕ್ಕಿಯಾಗಿ ಎರಡು ಅಕ್ಷರ ಎದ್ದು ಬಂತು. ನಾನು ಎಷ್ಟೋ ವರ್ಷ ಅದೇ ಚೆಂಬಲ್ಲಿ ನೀರು ಕುಡಿದಿದ್ದೇನೆ, ಒಂದು ದಿನವೂ ಕಂಡಿರಲಿಲ್ಲ. ನನ್ನ ಅಮ್ಮ, ಅಂದ್ರೆ ಮಗಳ ಅಜ್ಜಿ, ಪೇಪರನ್ನು ಕಿಟಕಿ ಹತ್ರ ಹಿಡಿದು ನೋಡಿ "ಇದು ನನ್ನ ಅಮ್ಮನ ಹೆಸರು, ಮದುವೆಗೆ ಕೊಟ್ಟ ಚೆಂಬು" ಅಂದ್ರು, ಮತ್ತೆ ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ.

ಹಳೇ ವಸ್ತುವಿನಿಂದ ಆರ್ಟ್ ಮಾಡುವುದು ಅಂದ್ರೆ ಚೆಂಬಿಗೆ ಪೇಂಟ್ ಹೊಡೆಯೋದು, ಅಜ್ಜಿಯ ಸೀರೆ ಕತ್ತರಿಸಿ ಕುಶನ್ ಕವರ್ ಮಾಡೋದು, ಹೀಗೇ ಜಾಸ್ತಿ ಕಾಣ್ತದೆ. ನನಗೆ ಅದು ಮನಸ್ಸಿಗೆ ಬರುವುದಿಲ್ಲ. ವಸ್ತು ಹಾಗೇ ಇರ್ಲಿ, ಅದರ ಗುರುತು ಮಾತ್ರ ಪೇಪರಿಗೆ ಬರ್ಲಿ. ಬಾರ್ಕೂರಿನಂಥ ಕಡೆ ಶಾಸನ ಓದುವವರು ಕಲ್ಲಿಗೆ ಒದ್ದೆ ಕಾಗದ ಅಂಟಿಸಿ ಮಸಿ ತಟ್ಟಿ ಪಡಿಯಚ್ಚು ತೆಗೀತಾರಲ್ಲ, ಇದು ಅದರ ಮನೆಮಟ್ಟದ ತಂಗಿ ಅಂತ ಇಟ್ಕೊಳ್ಳಿ. ಯುರೋಪಿನಲ್ಲಿ ಮ್ಯಾಕ್ಸ್ ಅರ್ನ್ಸ್ಟ್ ಅನ್ನುವ ಕಲಾವಿದ 1925ರಲ್ಲಿ ಹಳೇ ಮರದ ನೆಲದ ಗೆರೆಗಳನ್ನು ಹೀಗೇ ಉಜ್ಜಿ ತೆಗೆದು ಚಿತ್ರ ಮಾಡಿದ, ಅದಕ್ಕೆ ಫ್ರೊಟಾಜ್ ಅಂತ ಹೆಸರು.

ಎಂತೆಲ್ಲ ಬೇಕು

ಜಾಸ್ತಿ ಏನಿಲ್ಲ. ತೆಳು ಪೇಪರ್, 40-50 ಜಿಎಸ್‌ಎಂ (ಪೇಪರಿನ ತೂಕದ ಅಳತೆ, ಕಮ್ಮಿ ಇದ್ದಷ್ಟು ತೆಳು) ಆದ್ರೆ ಒಳ್ಳೇದು, ಟ್ರೇಸಿಂಗ್ ಪೇಪರ್ ಆದ್ರೂ ನಡೀತದೆ, ಮಾಮೂಲಿ ಎ4 ಸ್ವಲ್ಪ ದಪ್ಪ ಆಗ್ತದೆ, ಸಣ್ಣ ಗೆರೆ ಬರುವುದಿಲ್ಲ. ವ್ಯಾಕ್ಸ್ ಕ್ರೆಯಾನ್ ಮೂರು ಬಣ್ಣ, ಮೇಲಿನ ಕಾಗದ ಸುಲಿದು. ಒಂದು 6ಬಿ ಪೆನ್ಸಿಲ್, ಅಂದ್ರೆ ಮೆತ್ತಗೆ ಕಪ್ಪಾಗಿ ಬರೆಯುವಂಥದ್ದು. ರಬ್ಬರ್ ಬ್ಯಾಂಡ್, ನೂಲು, ಮೆತ್ತಗಿನ ಬ್ರಶ್. ಹಳೇ ಮರಕ್ಕೆ ಟೇಪ್ ಅಂಟಿಸ್ಬೇಡಿ, ತೆಗೆಯುವಾಗ ಪಾಲಿಶ್ ಎದ್ದು ಬರ್ತದೆ.

ಮಳೆಗಾಲದಲ್ಲಿ ನಮ್ಮ ಕಡೆ ಪೇಪರ್ ಹಪ್ಪಳದ ಹಾಗೆ ಮೆತ್ತಗಾಗ್ತದೆ, ಹಾಗೆ ಆದ್ರೆ ಉಜ್ಜುವಾಗ ಹರೀತದೆ. ಹಿಂದಿನ ರಾತ್ರಿಯೇ ಅಕ್ಕಿ ಡಬ್ಬದಲ್ಲಿ ಸುರುಳಿ ಮಾಡಿ ಇಟ್ಟುಬಿಡಿ, ಗರಿಗರಿ ಇರ್ತದೆ.

ವಸ್ತುವನ್ನು ತಯಾರು ಮಾಡುವುದು

ಇಲ್ಲಿ ನಾನೊಂದು ತಪ್ಪು ಮಾಡಿದ್ದೇನೆ, ನೀವು ಮಾಡ್ಬೇಡಿ. ಎರಡನೇ ಚೆಂಬು ಸಿಕ್ಕಿದಾಗ ಚಂದ ಕಾಣ್ಲಿ ಅಂತ ಹುಣಸೆಹುಳಿ ಹಾಕಿ ಗಸಗಸ ತಿಕ್ಕಿದೆ. ಹುಳಿಯಲ್ಲಿರುವ ಆಸಿಡ್ ಹಿತ್ತಾಳೆಯ ಮೇಲ್ಪದರವನ್ನು ತಿನ್ನುತ್ತದೆ, ತಿಕ್ಕುವ ನಾರು ಅದನ್ನು ಸವೆಸುತ್ತದೆ, ಮೊದಲೇ ಸವೆದಿದ್ದ ಚುಕ್ಕಿ ಅಕ್ಷರ ಅರ್ಧ ಹೋಯ್ತು. ಯಾರ ಹೆಸರಿತ್ತೋ ಇನ್ನು ಗೊತ್ತಾಗುವ ದಾರಿ ಇಲ್ಲ. ಹುಣಸೆ, ಬಿಂಬುಳಿ, ಬೂದಿ ಯಾವುದೂ ಬೇಡ. ತೆಳು ಸೋಪಿನ ನೀರಲ್ಲಿ ಬಟ್ಟೆ ಅದ್ದಿ ಒರೆಸಿ, ಪೂರ್ತಿ ಒಣಗಿಸಿ, ಅಷ್ಟು ಸಾಕು. ಮರದ್ದಾದ್ರೆ ನೀರೂ ಬೇಡ, ಬ್ರಶ್‌ನಲ್ಲಿ ಧೂಳು ತೆಗೆದ್ರಾಯ್ತು.

ಉಜ್ಜುವುದು

ಚೆಂಬಿನಂಥ ಉರುಟು ಪಾತ್ರೆಗೆ ಪೇಪರನ್ನು ನಾಲ್ಕು ಬೆರಳು ಅಗಲದ ಪಟ್ಟಿ ಮಾಡಿ ಸುತ್ತಿ ಎರಡು ಕಡೆ ರಬ್ಬರ್ ಬ್ಯಾಂಡ್ ಹಾಕಿ, ಇಡೀ ಹಾಳೆ ಸುತ್ತಿದ್ರೆ ಮಡಿಕೆ ಬಿದ್ದು ಎಲ್ಲ ಗೆರೆಯೂ ಸುಳ್ಳು ಗೆರೆ ಆಗ್ತದೆ. ಮೊದಲು ಬೆರಳಿಂದ ಸವರಿ, ಎಲ್ಲಿ ತಗ್ಗು ಎಲ್ಲಿ ಉಬ್ಬು ಅಂತ ಕೈಗೇ ಗೊತ್ತಾಗ್ಲಿ. ಮತ್ತೆ ಕ್ರೆಯಾನನ್ನು ಅಡ್ಡ ಮಲಗಿಸಿ ಒಂದೇ ದಿಕ್ಕಿಗೆ ನಿಧಾನ ಎಳೀರಿ, ಮೊದಲ ಸಲ ಹಗುರ, ಎರಡನೇ ಸಲ ಸ್ವಲ್ಪ ಗಟ್ಟಿ. ಕೊರೆದ ಅಕ್ಷರ ಬಿಳಿಯಾಗಿ ಉಳೀತದೆ, ಉಬ್ಬಿದ್ದು ಬಣ್ಣ ಹಿಡೀತದೆ. ತೀರಾ ಸಣ್ಣ ಗೆರೆಗೆ 6ಬಿ ಪೆನ್ಸಿಲ್ ಒಳ್ಳೇದು, ಆದ್ರೆ ಅದು ಕೈ ತಾಗಿದ್ರೆ ಕದಡ್ತದೆ, ಮೇಲಿಂದ ಫಿಕ್ಸೆಟಿವ್ ಸ್ಪ್ರೇ ಬೇಕು.

ಚೆನ್ನೆಮಣೆ, ಅಂದ್ರೆ ಗುಳಿಗಳಲ್ಲಿ ಕಾಯಿ ಹಾಕಿ ಆಡುವ ಮರದ ಮಣೆ, ಇದ್ರೆ ಅದನ್ನು ಬಿಡ್ಬೇಡಿ ಮಾರಾಯ್ರೆ. ಎರಡು ಸಾಲು, ಸಾಲಿಗೆ 7ರ ಹಾಗೆ 14 ಗುಳಿ, ಅದರ ಮೇಲೆ ಪೇಪರ್ ಇಟ್ಟು ಗುಳಿಯ ಒಳಗೆ ಒತ್ತಲಿಕ್ಕೆ ಹೋದ್ರೆ ಹರಿಯೋದೇ, ಹಾಗಾಗಿ ಅಂಚು ಮಾತ್ರ ಉಜ್ಜಿ, ಗುಳಿ ಖಾಲಿ ಬಿಳಿ ಚಂದ್ರನ ಹಾಗೆ ಉಳೀಲಿ. ಅಂಚು ಎಲ್ಲ ಗುಳಿಗೂ ಒಂದೇ ಥರ ಬರುವುದಿಲ್ಲ, ಆಡಿ ಆಡಿ ಬೆರಳು ತಾಗಿದ ಕಡೆ ನಯ ಆಗಿ ಬಣ್ಣ ಹಿಡಿಯುವ ರೀತಿಯೇ ಬೇರೆ. ಆಮೇಲೆ ಪ್ರತೀ ಗುಳಿಯಲ್ಲಿ ಕೆಂಪು ಬಣ್ಣದಲ್ಲಿ ನಾಲ್ಕು ನಾಲ್ಕು ಮಂಜೊಟ್ಟಿ ಕಾಯಿ (ಈ ಆಟಕ್ಕೆ ಬಳಸುವ ಕೆಂಪು ಬೀಜ) ಬರೀಬಹುದು, ಒಟ್ಟು 56, ಮಕ್ಕಳಿಗೆ ಈ ಕೆಲಸ ಭಾರಿ ಇಷ್ಟ. ನಾವು ಬರೀತಾ ಕೂತಿದ್ದಾಗ ಅಮ್ಮ ತುಳುವಿನ ಹಾಡುಗಥೆಯಾದ ಸಿರಿ ಪಾಡ್ದನದ ಅಬ್ಬಗ-ದಾರಗರ ಕಥೆ ತೆಗೆದ್ರು, ಚೆನ್ನೆ ಆಡ್ತಾ ಜಗಳ ಬಿದ್ದು ಜೀವ ಕಳ್ಕೊಂಡ ಅಕ್ಕತಂಗಿ, ಅದಕ್ಕೇ ಅಕ್ಕತಂಗಿ ಎದುರುಬದುರು ಕೂತು ಚೆನ್ನೆ ಆಡಬಾರ್ದು ಅಂತ.

ಮಂಗಳೂರು ಹಂಚು ಇನ್ನೊಂದು ಸುಲಭದ್ದು, ಹಿಂಬದಿ ಕಂಪನಿ ಹೆಸರು ಉಬ್ಬಾಗಿ ಅಚ್ಚಾಗಿರ್ತದೆ. ಬಾಸೆಲ್ ಮಿಷನ್ ಹಂಚಲ್ಲಿ 1865 ಅಂತ ಕಂಡ್ರೆ ಅದು ಮನೆ ಕಟ್ಟಿದ ವರ್ಷ ಅಲ್ಲ, ಮಂಗಳೂರಲ್ಲಿ ಆ ಕಾರ್ಖಾನೆ ಶುರುವಾದ ವರ್ಷ, ನನ್ನ ಮಗಳು ಮೊದಲು ತಪ್ಪು ತಿಳ್ಕೊಂಡಿದ್ಲು. ಇದಕ್ಕೆ ಬಿಳಿ ಮೇಣದ ಬತ್ತಿಯಲ್ಲಿ ಉಜ್ಜಿ ಮೇಲಿಂದ ಕೆಮ್ಮಣ್ಣಿನ ಬಣ್ಣದ ವಾಟರ್‌ಕಲರ್ ತೆಳುವಾಗಿ ಹರಿಸಿ, ಮೇಣ ಇದ್ದ ಕಡೆ ನೀರು ನಿಲ್ಲುವುದಿಲ್ಲ, ಅಕ್ಷರ ಬಿಳಿಯಾಗಿ ಕಾಣ್ತದೆ. ಸ್ವಲ್ಪ ದಪ್ಪ ಪೇಪರೇ ಬೇಕು ಇದಕ್ಕೆ.

ಉಡುಪಿ ಕೈಮಗ್ಗದ ಸೀರೆ ಇದ್ರೆ ಗಟ್ಟಿ ಹಲಗೆ ಮೇಲೆ ಹಾಸಿ, ಅಂಚಿನ ಮೇಲೆ ಪೆನ್ಸಿಲ್ ತೀರಾ ಹಗುರಕ್ಕೆ. ಪೇಪರ್ ಹರಿದು ಸೀಸ ಸೀರೆಗೆ ತಾಗೀತು, ಜಾಗ್ರತೆ.

ಮೂರು ಕೈ, ಒಂದೇ ಹಾಳೆ

ನನಗೆ ಎಲ್ಲಕ್ಕಿಂತ ಮುಖ್ಯ ಇದು. ಒಂದೇ ಹಾಳೆಯನ್ನು ಮೂರು ತಲೆಮಾರು ಉಜ್ಜಬೇಕು, ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ನಮ್ಮದ್ರಲ್ಲಿ ಅಮ್ಮ ನೀಲಿ, ನಾನು ಕಂದು, ಮಗಳು ಕೆಂಪು. ಅಮ್ಮನ ಕೈ ನಡುಗ್ತದೆ, ಹಾಗಾಗಿ ನೀಲಿ ಗೆರೆ ಸಣ್ಣ ಸಣ್ಣ ಅಲೆಯಾಗಿ ಬಂದಿದೆ, ಮಗಳ ಕೆಂಪು ಗೆರೆ ಪೇಪರ್ ಹರಿಯುವಷ್ಟು ಗಟ್ಟಿ. "ನಂದು ಚಂದ ಆಗ್ಲಿಲ್ಲ, ಬೇರೆ ಮಾಡುವ" ಅಂದ್ರು ಅಮ್ಮ. ನಾನು ಬೇಡ ಅಂದೆ, ಆ ಅಲೆಯೇ ನನಗೆ ಬೇಕಾದದ್ದು. ಸರಿ ಮಾಡ್ಲಿಕ್ಕೆ ಹೋಗ್ಬೇಡಿ, ಹಿರಿಯರ ಕೈ ಹಿಡಿದು ಎಳೀಲಿಕ್ಕೂ ಹೋಗ್ಬೇಡಿ.

ಉಜ್ಜುವಾಗ ಮೊಬೈಲಲ್ಲಿ ರೆಕಾರ್ಡಿಂಗ್ ಆನ್ ಇರ್ಲಿ, ಅವರಿಗೆ ಹೇಳಿಯೇ. ಇಂಟರ್‌ವ್ಯೂ ಥರ ಪ್ರಶ್ನೆ ಕೇಳಿದ್ರೆ ಹಿರಿಯರು ಎರಡು ಮಾತಲ್ಲಿ ಮುಗಿಸ್ತಾರೆ, ಕೈಗೆ ಕೆಲಸ ಇದ್ರೆ ಮಾತು ತನ್ನಷ್ಟಕ್ಕೆ ಬರ್ತದೆ. ಈ ತಗ್ಗು ಹೇಗಾಯ್ತು ಅಂತ ಒಂದು ಕೇಳಿ ಸಾಕು. ನಮ್ಮ ಚೆಂಬಿನ ತಗ್ಗು ಬಾವಿಕಟ್ಟೆಯಿಂದ ಬಿದ್ದದ್ದಂತೆ, ಅದನ್ನು ಬೀಳಿಸಿದ್ದು ನನ್ನ ಸೋದರಮಾವ, ಪೆಟ್ಟು ತಿಂದದ್ದು ಅಮ್ಮ.

ಮನೆಯಲ್ಲಿ ಎಂತದೂ ಉಳಿದಿಲ್ಲ ಅನ್ನುವವರೂ ಉಂಟು. ನಮ್ಮ ದೊಡ್ಡ ತಾಮ್ರದ ಹಂಡೆಯೂ ಕೆಜಿ ಲೆಕ್ಕದಲ್ಲಿ ಗುಜರಿಗೆ ಹೋಯ್ತು, ನೆನಪಾದ್ರೆ ಈಗಲೂ ಹೊಟ್ಟೆ ಉರೀತದೆ. ಅಂಥವರು ಹಿರಿಯರನ್ನು ಕರ್ಕೊಂಡು ಬಿ.ಸಿ.ರೋಡ್ ಹತ್ರದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ಮ್ಯೂಸಿಯಮ್ಮಿಗೋ, ವಿಜಯನಾಥ ಶೆಣೈ ಅವರು ಹಳೇ ಮನೆಗಳನ್ನು ತಂದು ನಿಲ್ಲಿಸಿದ ಮಣಿಪಾಲದ ಹೆರಿಟೇಜ್ ವಿಲೇಜಿಗೋ ಹೋಗಿ ಬನ್ನಿ. ಅಲ್ಲಿ ಉಜ್ಜಬಾರ್ದು, ಮುಟ್ಟಲೂಬಾರ್ದು, ನೋಡಿ ಮನೆಗೆ ಬಂದು ಅವರ ನೆನಪಿಂದ ಬಿಡಿಸಬಹುದು.

ಫ್ರೇಮ್

ಲ್ಯಾಮಿನೇಶನ್ ಬೇಡವೇ ಬೇಡ, ಬಿಸಿಗೆ ಕ್ರೆಯಾನ್ ಕರಗ್ತದೆ. ಗ್ಲಾಸಿಗೂ ಪೇಪರಿಗೂ ನಡುವೆ ಮೌಂಟ್ ಬೋರ್ಡ್ (ಚಿತ್ರದ ಸುತ್ತ ಬರುವ ದಪ್ಪ ರಟ್ಟು) ಹಾಕಿಸಿ ಸ್ವಲ್ಪ ಗ್ಯಾಪ್ ಇಡ್ಲಿಕ್ಕೆ ಹೇಳಿ, ಇಲ್ಲದಿದ್ರೆ ಎರಡು ಮಳೆಗಾಲದಲ್ಲಿ ಗ್ಲಾಸಿಗೆ ಅಂಟಿ ಬೂಸ್ಟು ಹಿಡೀತದೆ. ಪಡು ದಿಕ್ಕಿನ ಹೊರಗೋಡೆಗೆ ನೇತು ಹಾಕ್ಬೇಡಿ, ಮಳೆ ಹೊಡೆಯುವುದೇ ಆ ಕಡೆ. ಬಿಸಿಲು ನೇರ ಬೀಳುವ ಜಾಗವೂ ಆಗುವುದಿಲ್ಲ.

ಫ್ರೇಮ್ ಮುಚ್ಚುವ ಮೊದಲು ಮೌಂಟಿನ ಹಿಂದೆ ಪೆನ್ಸಿಲಲ್ಲೇ ಬರೀರಿ, ಪೆನ್ನಿನ ಇಂಕು ಹಬ್ಬಿ ಮುಂದಕ್ಕೆ ಬರ್ತದೆ. ತಾರೀಕು, ಯಾವ ಬಣ್ಣ ಯಾರದ್ದು, ವಸ್ತು ಯಾರಿಂದ ಯಾರಿಗೆ ಬಂತು. ಅಜ್ಜಿ ಹೇಳಿದ ಒಂದು ಮಾತನ್ನೂ ಸೇರಿಸಿ, ಅವರು ತುಳುವಿನಲ್ಲಿ ಹೇಳಿದ್ರೆ ತುಳುವಿನಲ್ಲೇ, ಕೊಂಕಣಿಯಾದ್ರೆ ಕೊಂಕಣಿಯಲ್ಲೇ, ಬ್ಯಾರಿಯಾದ್ರೆ ಬ್ಯಾರಿಯಲ್ಲೇ, ಕನ್ನಡ ಅಕ್ಷರದಲ್ಲಿ ಬರೆದ್ರಾಯ್ತು. ಬರಿಲಿಕ್ಕೆ ಬರುವ ಅಜ್ಜಿಯಾದ್ರೆ ಪೆನ್ಸಿಲ್ ಅವರ ಕೈಗೇ ಕೊಡಿ.