ಕಾಂಟಾದಿಂದ ಶುರುವಾದ ಲೆಕ್ಕ: ಬೇಳೆ ಮಿಲ್ಲಿಗೆ ಇಆರ್‌ಪಿ ತಂದ ನನ್ನ ಅನುಭವ

ಜನವರಿ ಬಂತೆಂದರೆ ಕಲಬುರಗಿಯ ಬೇಳೆ ಮಿಲ್ಲುಗಳಿಗೆ ನಿದ್ದೆ ಇರುವುದಿಲ್ಲ. ಸೇಡಂ, ಚಿಂಚೋಳಿ, ಆಳಂದ ಕಡೆಯ ತೊಗರಿ ಗಂಜ್ ಮಾರುಕಟ್ಟೆಗೆ ಬರುತ್ತದೆ. ಟೆಂಡರ್ ಮುಗಿದು, ಚೀಲ ತುಂಬಿ, ಸಂಜೆ ಹೊತ್ತಿಗೆ ಲಾರಿಗಳು ನಮ್ಮ ಗೇಟಿನ ಮುಂದೆ ನಿಲ್ಲುತ್ತವೆ. ಒಂದೊಂದು ಲಾರಿಯ ತೂಕವನ್ನೂ ನಾವು ನಾಲ್ಕು ಕಡೆ ಬರೆಯುತ್ತಿದ್ದೆವು. ಕಾಂಟಾದ (ಲಾರಿ ತೂಗುವ ತಕ್ಕಡಿಯ) ಚೀಟಿ, ಗೇಟಿನ ಪುಸ್ತಕ, ಗೋದಾಮಿನ ವಹಿ, ಮರುದಿನ ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್. ತಿಂಗಳ ಕೊನೆಗೆ ಈ ನಾಲ್ಕೂ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಹೊಂದಿಸಲು ಅಪ್ಪ ಮತ್ತು ಲೆಕ್ಕ ಬರೆಯುವ ನಮ್ಮ ಮುನೀಮ ಕಾಕಾ ಇಬ್ಬರೂ ರಾತ್ರಿ ಹನ್ನೊಂದರವರೆಗೆ ಕೂರುತ್ತಿದ್ದರು.

ನಾನು ಇಲ್ಲೇ ಇಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಆರು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿ, 2021ರಲ್ಲಿ ಮನೆಗೆ ಬಂದವಳು. ಕೊಳ್ಳುವುದು, ಗೋದಾಮು, ಮಾರಾಟ, ಲೆಕ್ಕ ಎಲ್ಲವನ್ನೂ ಒಂದೇ ಕಡೆ ಹಿಡಿಯುವ ಸಾಫ್ಟ್‌ವೇರ್, ಅಂದರೆ ಇಆರ್‌ಪಿ, ಮಿಲ್ಲಿಗೆ ತರಬೇಕು ಅನ್ನುವುದು ನನ್ನ ಹೊಸ ಆಸೆಯೇನೂ ಆಗಿರಲಿಲ್ಲ. ಅಪ್ಪ 2019ರಲ್ಲೇ ಒಮ್ಮೆ ಪ್ರಯತ್ನ ಮಾಡಿದ್ದರು. ಒಬ್ಬ ಮಾರಾಟಗಾರ ಬಂದು, ಚೆಂದದ ಪರದೆ ತೋರಿಸಿ, ಒಂದು ಸಾಫ್ಟ್‌ವೇರ್ ಕೊಟ್ಟು ಹೋಗಿದ್ದ. ನಾಲ್ಕು ತಿಂಗಳಲ್ಲಿ ಅದನ್ನು ಮುಚ್ಚಿಟ್ಟರು. ಯಾಕೆ ಅಂತ ನಾನು ಬಂದ ಮೇಲೆ ಬಿಚ್ಚಿ ನೋಡಿದೆ. ಅದು ಅಂಗಡಿಗೆ ಮಾಡಿದ ಸಾಫ್ಟ್‌ವೇರ್. ಕೊಂಡದ್ದು ಎಷ್ಟು, ಮಾರಿದ್ದು ಎಷ್ಟು, ಉಳಿದದ್ದು ಎಷ್ಟು, ಅಷ್ಟೇ ಅದಕ್ಕೆ ಗೊತ್ತು.

ಬೇಳೆ ಮಿಲ್ಲಿನಲ್ಲಿ ಕೊಂಡದ್ದನ್ನು ಮಾರುವುದಿಲ್ಲ, ಅಲ್ವಾ? ತೊಗರಿ ಒಳಗೆ ಹೋಗುತ್ತದೆ, ಐದಾರು ಮಾಲು ಹೊರಗೆ ಬರುತ್ತದೆ. ನಮ್ಮ ಒಂದು ಲಾಟಿನ, ಅಂದರೆ ಒಂದು ಸಲ ಮಿಲ್ಲಿಗೆ ಹಾಕಿದ ಮಾಲಿನ, ಲೆಕ್ಕ ಹೇಳುತ್ತೇನೆ. 100 ಕ್ವಿಂಟಲ್ ತೊಗರಿಗೆ ಬೇಳೆ 72, ಹೊಟ್ಟು 11, ಚುನ್ನಿ (ಬೇಳೆಯ ಪುಡಿ) 9, ನುಚ್ಚು 4, ಕಲ್ಲು ಕಸ 1. ಉಳಿದ 3 ಕ್ವಿಂಟಲ್ ಎಲ್ಲಿ? ತೇವ ಆರಿ ಹೋಗಿರುತ್ತದೆ, ಧೂಳಾಗಿ ಹಾರಿರುತ್ತದೆ. ಚುನ್ನಿ, ಹೊಟ್ಟು ದನಗಳ ಮೇವಿಗೆ ಹೋಗುತ್ತವೆ, ಅದಕ್ಕೂ ದರ ಇದೆ. ಆ ದುಡ್ಡನ್ನು ಕಳೆದರೆ ಮಾತ್ರ ಬೇಳೆ ಕಿಲೋಗೆ ಎಷ್ಟು ಬಿತ್ತು ಅಂತ ತಿಳಿಯುತ್ತದೆ. ಇಷ್ಟನ್ನು ಹಿಡಿಯದ ಸಾಫ್ಟ್‌ವೇರ್ ಎಷ್ಟು ಚೆಂದ ಇದ್ದರೂ ನಮಗೆ ಉಪಯೋಗವಿಲ್ಲ.

2023 ನಮಗೆ ದಾರಿಯನ್ನೇ ಉಳಿಸಲಿಲ್ಲ. ಜೂನ್ 2ಕ್ಕೆ ಕೇಂದ್ರ ಸರ್ಕಾರ ತೊಗರಿ, ಉದ್ದಿನ ಮೇಲೆ ದಾಸ್ತಾನು ಮಿತಿ ಹಾಕಿತು. ಮಿಲ್ಲಿನವರಿಗೆ ಹಿಂದಿನ 3 ತಿಂಗಳ ಉತ್ಪಾದನೆ ಅಥವಾ ವರ್ಷದ ಸಾಮರ್ಥ್ಯದ 25%, ಇವೆರಡರಲ್ಲಿ ಯಾವುದು ಜಾಸ್ತಿಯೋ ಅಷ್ಟು. ಸೆಪ್ಟೆಂಬರಿನಲ್ಲಿ ಅದನ್ನೇ 1 ತಿಂಗಳ ಉತ್ಪಾದನೆ ಅಥವಾ 10%ಕ್ಕೆ ಇಳಿಸಿದರು. ವರ್ಷ ಮುಗಿಯುವ ಮೊದಲೇ ಮತ್ತೆ ಸಡಿಲಿಸಿದರು. ಈ ಎಲ್ಲ ಹೊತ್ತಿನಲ್ಲೂ ನಮ್ಮಲ್ಲಿ ಎಷ್ಟು ಮಾಲಿದೆ ಅಂತ ಸರ್ಕಾರದ ಪೋರ್ಟಲ್‌ನಲ್ಲಿ ತುಂಬಬೇಕಿತ್ತು. ತಪ್ಪು ತುಂಬಿದರೆ ದೊಡ್ಡ ತೊಂದರೆ. ನಾಲ್ಕು ಪುಸ್ತಕ ನಾಲ್ಕು ಅಂಕಿ ಹೇಳುವಾಗ ಯಾವುದನ್ನು ತುಂಬುವುದು?

ಅದರ ಜೊತೆಗೇ ಆಗಸ್ಟ್ 1ರಿಂದ 5 ಕೋಟಿಗಿಂತ ಜಾಸ್ತಿ ವಹಿವಾಟು ಇರುವವರಿಗೆ ಇ-ಇನ್‌ವಾಯ್ಸ್, ಅಂದರೆ ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಾದ ಬಿಲ್ಲು, ಕಡ್ಡಾಯವಾಯಿತು. ಇಲ್ಲೊಂದು ಸೂಕ್ಷ್ಮ ಇದೆ. 30, 50 ಕಿಲೋ ಚೀಲದ ಬೇಳೆಗೆ ಜಿಎಸ್‌ಟಿ ಇಲ್ಲ, ಹಾಗಾಗಿ ಇ-ಇನ್‌ವಾಯ್ಸ್ ಕೂಡ ಬೇಡ. ಆದರೆ 25 ಕಿಲೋವರೆಗಿನ, ಲೇಬಲ್ ಹಾಕಿ ಕಟ್ಟಿದ ಪ್ಯಾಕೆಟ್‌ಗೆ 2022ರ ಜುಲೈ 18ರಿಂದ 5% ತೆರಿಗೆ ಇದೆ. ನಾವು ಎರಡನ್ನೂ ಮಾರುತ್ತೇವೆ. ಪ್ಯಾಕೆಟ್ ಬಿಲ್ಲು ಸರ್ಕಾರದ ಪೋರ್ಟಲ್‌ಗೆ ಹೋಗಿ, 64 ಅಕ್ಷರದ ನಂಬರು ಮತ್ತು ಕ್ಯೂಆರ್ ಕೋಡ್ ಹೊತ್ತು ವಾಪಸ್ ಬರಬೇಕು. ತಪ್ಪಾದರೆ 24 ಗಂಟೆಯೊಳಗೆ ರದ್ದು ಮಾಡಬಹುದು, ತಿದ್ದಲು ಬರುವುದಿಲ್ಲ. ಇದನ್ನು ಕೈಯಲ್ಲಿ ಮಾಡುವುದು ಸಾಧ್ಯವೇ ಇರಲಿಲ್ಲ.

ಹಾಗಾಗಿ ಹುಡುಕಲು ಕೂತೆ. ನನ್ನ ಗೆಳತಿಯೊಬ್ಬಳು ದೊಡ್ಡ ಕಾರ್ಖಾನೆಯಲ್ಲಿ ಎಸ್‌ಎಪಿ ಅನ್ನುವ ಇಆರ್‌ಪಿ ನೋಡಿಕೊಳ್ಳುತ್ತಾಳೆ. ಅಲ್ಲಿ ಈಗ ಬೇರೆಯೇ ತಲೆಬಿಸಿ. ಹಳೆಯ ಇಸಿಸಿ ಆವೃತ್ತಿಗೆ ಕಂಪನಿಯ ಮುಖ್ಯ ಬೆಂಬಲ 2027ರ ಕೊನೆಗೆ ಮುಗಿಯುತ್ತದೆ, ಅಷ್ಟರಲ್ಲಿ ಹೊಸ ಆವೃತ್ತಿಯಾದ ಎಸ್/4ಹಾನಾಗೆ ಹೋಗಬೇಕು. ಅದು ನಮ್ಮ ಅಳತೆಯ ಮಾತಲ್ಲ. ಆದರೆ ಅವಳು ಹೇಳಿದ ಒಂದು ಮಾತು ಕೆಲಸಕ್ಕೆ ಬಂತು. "ಸಾಫ್ಟ್‌ವೇರ್ ರೇಟು ಕೇಳಬೇಡ, ತಲೆಗೆ ಎಷ್ಟು ಅಂತ ಕೇಳು."

ಈ ತಲೆಲೆಕ್ಕವೇ ನನ್ನ ಪ್ರಕಾರ ಇವತ್ತು ಸಣ್ಣ ಉದ್ಯಮಗಳು ನೋಡಬೇಕಾದ ಮೊದಲ ವಿಷಯ. ಒಬ್ಬೊಬ್ಬ ಬಳಕೆದಾರನಿಗೆ ತಿಂಗಳಿಗೆ ಇಷ್ಟು ಅಂತ ದುಡ್ಡು ಕಟ್ಟುವುದಿದ್ದರೆ ಮಾಲೀಕ ಏನು ಮಾಡುತ್ತಾನೆ? ಮೂರು ಜನಕ್ಕೆ ಮಾತ್ರ ಕೊಡುತ್ತಾನೆ. ಆ ಮೂವರು ಆಫೀಸಿನಲ್ಲಿ ಕೂತವರು. ಕಾಂಟಾದ ಹುಡುಗ, ಗೋದಾಮಿನವನು, ಬೇಳೆ ಒಣಗಿಸುವ ಅಂಗಳ ನೋಡುವವನು ಮತ್ತೆ ಚೀಟಿ ಬರೆದು ಕಳಿಸಬೇಕು. ಚೀಟಿ ನೋಡಿ ಆಫೀಸಿನವರು ಕಂಪ್ಯೂಟರ್‌ಗೆ ಹಾಕಬೇಕು. ಅಂದರೆ ಹಳೆಯ ವಹಿಯೇ ಪರದೆಯ ಮೇಲೆ ಬಂದಂತಾಯಿತು.

ನಾನು ಇಆರ್‌ಪಿನೆಕ್ಸ್ಟ್ ತೆಗೆದುಕೊಂಡೆ. ಮುಂಬೈನ ಫ್ರಾಪೆ ಅನ್ನುವ ಕಂಪನಿ ಮಾಡಿದ್ದು. ಓಪನ್ ಸೋರ್ಸ್, ಅಂದರೆ ಅದರ ಕೋಡ್ ಎಲ್ಲರಿಗೂ ತೆರೆದಿದೆ, ಲೈಸೆನ್ಸ್‌ಗೆ ದುಡ್ಡಿಲ್ಲ, ಎಷ್ಟು ಜನ ಬಳಸಿದರೂ ಸರ್ವರ್ ಬಾಡಿಗೆ ಮಾತ್ರ. ಪುಕ್ಕಟೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನನ್ನ ಎಂಟು ತಿಂಗಳ ಸಮಯ ಅದಕ್ಕೆ ಹೋಗಿದೆ. ನನ್ನಂಥವರು ಮನೆಯಲ್ಲಿ ಇಲ್ಲದಿದ್ದರೆ ಗೊತ್ತಿದ್ದವರಿಗೆ ದುಡ್ಡು ಕೊಟ್ಟು ಮಾಡಿಸಬೇಕು. ಆದರೆ ನಮ್ಮ ಮಿಲ್ಲಿನ 14 ಜನರ ಫೋನಿಗೂ ಅದನ್ನು ಕೊಡಲು ಆಯಿತು.

ಶುರು ಮಾಡಿದ್ದು ಲೆಕ್ಕಪತ್ರದಿಂದ ಅಲ್ಲ, ಕಾಂಟಾದಿಂದ. ಲಾರಿ ತೂಕ ಮಾಡುವ ಕಾಂಟಾದ ಅಂಕಿ ತೋರಿಸುವ ಪೆಟ್ಟಿಗೆ ಇರುತ್ತದಲ್ಲ, ಅದರ ಹಿಂದೆ ಒಂದು ಸೀರಿಯಲ್ ಪೋರ್ಟ್ ಇರುತ್ತದೆ. ಪೆಟ್ಟಿಗೆ ಆ ದಾರಿಯಲ್ಲಿ ತೂಕವನ್ನು ಒಂದೇ ಸಮನೆ ಹೇಳುತ್ತಲೇ ಇರುತ್ತದೆ. ಕೇಳುವವರು ಬೇಕು, ಅಷ್ಟೇ. ರಾಸ್‌ಬೆರಿ ಪೈ ಅನ್ನುವ ಒಂದು ಪುಟ್ಟ ಕಂಪ್ಯೂಟರ್ ತಂದು ತಂತಿ ಜೋಡಿಸಿದೆ. ಮೊದಲ ದಿನ ಅಂಕಿಯ ಬದಲು ಏನೇನೋ ಚಿಹ್ನೆ ಬಂದವು. ಅಂಕಿ ಓದುವ ವೇಗವನ್ನು 9600 ಅಂತ ಇಟ್ಟಿದ್ದೆ, ನಮ್ಮ ಪೆಟ್ಟಿಗೆ ಮಾತಾಡುವುದು 2400ರಲ್ಲಿ. ಅದನ್ನು ಕಂಡುಹಿಡಿಯಲು ಒಂದು ಇಡೀ ಮಧ್ಯಾಹ್ನ ಬೇಕಾಯಿತು.

ಅಂಕಿ ಬಂದ ಮೇಲೆ ನಿಜವಾದ ಕೆಲಸ ಶುರುವಾಯಿತು. ಲಾರಿ ಹತ್ತಿದ ಕೂಡಲೇ ತೂಕ ಅಲ್ಲಾಡುತ್ತದೆ. ಯಾವ ಕ್ಷಣದ ಅಂಕಿ ಹಿಡಿಯಬೇಕು? ಐದು ಸೆಕೆಂಡ್ ಒಂದೇ ಅಂಕಿ ನಿಂತರೆ ಮಾತ್ರ ಹಿಡಿ ಅಂತ ಬರೆದೆ. ಆಮೇಲೆ ನೋಡಿದರೆ, ತುಂಬಿದ ಲಾರಿ ತೂಗುವಾಗ ಡ್ರೈವರ್ ಒಳಗೇ ಕೂತಿರುತ್ತಾನೆ, ಖಾಲಿ ಲಾರಿ ತೂಗುವಾಗ ಚಹಾ ಕುಡಿಯಲು ಹೋಗಿರುತ್ತಾನೆ. ಅವನ ತೂಕವೂ ನಮ್ಮ ತೊಗರಿಯ ಲೆಕ್ಕಕ್ಕೆ ಸೇರುತ್ತಿತ್ತು! ಎಷ್ಟು ವರ್ಷದಿಂದ ಹೀಗೆ ನಡೆದಿತ್ತೋ. ಈಗ ಎರಡೂ ಸಲ ಡ್ರೈವರ್ ಇಳಿಯಬೇಕು, ಕ್ಯಾಮೆರಾ ಒಂದು ಫೋಟೋ ತೆಗೆಯುತ್ತದೆ, ಆಮೇಲೆ ತೂಕ ದಾಖಲಾಗುತ್ತದೆ. ಅಲ್ಲೇ ತೇವಮಾಪಕದಲ್ಲಿ ಕಾಳಿನ ತೇವ ನೋಡಿ ಹಾಕುತ್ತಾರೆ. ಯಾರೂ ಕೈಯಲ್ಲಿ ತೂಕ ಬರೆಯುವುದಿಲ್ಲ. ಒಂದೇ ಸಲ ದಾಖಲಾದ ಅಂಕಿ ಗೇಟು, ಗೋದಾಮು, ಅಡತಿಯ (ಮಾಲು ಕೊಡಿಸುವ ದಲ್ಲಾಳಿಯ) ಖಾತೆ ಎಲ್ಲ ಕಡೆಗೂ ತಾನೇ ಹೋಗುತ್ತದೆ.

ಮೊದಲ ತಿಂಗಳ ಕೊನೆಗೆ ಗೋದಾಮು ಎಣಿಸಿದೆವು. ಕಂಪ್ಯೂಟರ್ ಹೇಳಿದ್ದಕ್ಕಿಂತ 41 ಕ್ವಿಂಟಲ್ ಕಡಿಮೆ. ನನ್ನ ಕೈಕಾಲು ತಣ್ಣಗಾಯಿತು. ಪ್ರೋಗ್ರಾಮ್‌ನಲ್ಲಿ ತಪ್ಪಿದೆ ಅಂತ ಎರಡು ರಾತ್ರಿ ಹುಡುಕಿದೆ. ಮೂರನೇ ದಿನ ಕಾಕಾ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು.

"ತಂಗೀ, ಮಷೀನ್ ಸುಳ್ಳ ಹೇಳಂಗಿಲ್ಲ ಖರೆ. ಆದ್ರ ತೇವ ಎಲ್ಲಿ ಹೋತು ಅಂತ ಅದಕ್ಕ ಯಾರರ ಹೇಳಬೇಕಲ್ಲ?"

ಸಾಫ್ಟ್‌ವೇರ್‌ನಲ್ಲಿ ಪ್ರತಿ ಲಾಟಿಗೂ ನಷ್ಟದ ಶೇಕಡಾ ಹಾಕುವ ಜಾಗ ಇದೆ. ನಾನು ಅದನ್ನು ವರ್ಷವಿಡೀ ಒಂದೇ ಅಂತ ಇಟ್ಟಿದ್ದೆ. ಕಾಕಾ ಹೇಳಿದರು, ಜನವರಿಯ ಹಸಿ ಕಾಳು ಬೇರೆ, ಏಪ್ರಿಲ್ ಬಿಸಿಲಲ್ಲಿ ಗೋದಾಮಿನಲ್ಲಿ ಒಣಗಿದ ಕಾಳು ಬೇರೆ. ಎಣ್ಣೆ ನೀರು ಹಚ್ಚಿ ಅಂಗಳದಲ್ಲಿ ಒಣಗಿಸುವಾಗಲೂ ಮೋಡ ಇದ್ದ ದಿನ ಬೇರೆ. ಅವರ 30 ವರ್ಷದ ಅಂದಾಜನ್ನು ತಿಂಗಳಿಗೊಂದು ಸಾಲಿನಂತೆ ಕೂತು ಬರೆದುಕೊಂಡೆ. ಗೇಟಿನಲ್ಲಿ ನೋಡಿದ ತೇವಕ್ಕೆ ಅದನ್ನು ಜೋಡಿಸಿದೆ. ಮರುತಿಂಗಳು ವ್ಯತ್ಯಾಸ 3 ಕ್ವಿಂಟಲ್‌ಗೆ ಇಳಿಯಿತು. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ದಿನ ಅದು.

ಚೀಲದ ವಿಷಯವನ್ನೂ ಹೇಳಿಬಿಡುತ್ತೇನೆ. "ಚೀಲ" ಅನ್ನುವ ಒಂದೇ ಅಳತೆ ಇಡಬೇಡಿ. 30 ಕಿಲೋದ್ದು, 50 ಕಿಲೋದ್ದು ಬೇರೆ ಬೇರೆ ಮಾಲು ಅಂತಲೇ ಹೆಸರಿಡಿ, ಅದೂ ಕನ್ನಡದಲ್ಲಿ. ಹಮಾಲರ ಮೇಸ್ತ್ರಿ ಓದುವುದು ಆ ಹೆಸರನ್ನೇ.

ಯಾರು ಯಾವಾಗ ಏನು ತಿದ್ದಿದರು ಅನ್ನುವ ದಾಖಲೆ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಇದು ಇರಲೇಬೇಕು. ನಮ್ಮದು ಪಾಲುದಾರಿಕೆ ಸಂಸ್ಥೆ, ನಮಗೆ ಕಡ್ಡಾಯ ಇಲ್ಲ. ಆದರೂ ಎಲ್ಲ ಕಡೆ ಹಾಕಿಟ್ಟೆ. ಶುರುವಿನಲ್ಲಿ ಕೆಲಸದವರಿಗೆ ಇದು ಇಷ್ಟ ಆಗಲಿಲ್ಲ. ತಮ್ಮ ಮೇಲೆ ಕಣ್ಣಿಡಲು ಮಾಡಿದ್ದು ಅಂದುಕೊಂಡರು. ಫೆಬ್ರವರಿಯಲ್ಲಿ ಒಬ್ಬ ಅಡತಿ ಬಂದು, ಕಾಂಟಾದ ಹುಡುಗ ನಮ್ಮ ಲಾರಿಯ ತೂಕ ಬದಲಿಸಿದ್ದಾನೆ ಅಂತ ಜಗಳ ತೆಗೆದ. ಹುಡುಗನಿಗೆ 20 ವರ್ಷ. ಮುಖ ಬಿಳಿಚಿಕೊಂಡು ನಿಂತಿದ್ದ. ಹಿಂದೆಲ್ಲ ಆಗಿದ್ದರೆ ಅವನ ಮಾತು ಯಾರು ಕೇಳುತ್ತಿದ್ದರು? ದಾಖಲೆ ತೆಗೆದೆ. ರಾತ್ರಿ 8:40ಕ್ಕೆ ಒಂದು ತಿದ್ದುಪಡಿ ಇತ್ತು, ನಿಜ. ಅದಕ್ಕೆ ನಾಲ್ಕು ನಿಮಿಷ ಮೊದಲು ಲಾರಿ ಎರಡನೇ ಸಲ ಕಾಂಟಾ ಹತ್ತಿತ್ತು. ಮೊದಲ ಸಲ ಒಂದು ಗಾಲಿ ಪಟ್ಟಿಯ ಹೊರಗೆ ನಿಂತದ್ದು ಫೋಟೋದಲ್ಲಿ ಕಾಣುತ್ತಿತ್ತು. ತಿದ್ದಿದ ಮೇಲೆ ಅಡತಿಗೇ ತೂಕ ಜಾಸ್ತಿ ಬಂದಿತ್ತು. ಅಡತಿ ಅಲ್ಲೇ ಹುಡುಗನ ಹೆಗಲು ತಟ್ಟಿ ಹೋದ. ಆವತ್ತಿನಿಂದ ಮಿಲ್ಲಿನಲ್ಲಿ ಯಾರೂ ಫೋನಿನಲ್ಲಿ ದಾಖಲೆ ಹಾಕಲು ಹಿಂದೆ ಮುಂದೆ ನೋಡಿಲ್ಲ.

ಎಐ ಬಗ್ಗೆ ಎಲ್ಲರೂ ಕೇಳುತ್ತಾರೆ. ನಾನು ಎರಡು ಕಡೆ ಪ್ರಯತ್ನಿಸಿದೆ. ಅಡತಿಗಳ ಕೈಬರಹದ ಚೀಟಿಯ ಫೋಟೋ ತೆಗೆದು ಅದರಿಂದ ಬಿಲ್ಲು ತಯಾರಿಸುವುದು ಒಂದು. ಅಚ್ಚಾದ ಬಿಲ್ಲನ್ನು ಚೆನ್ನಾಗಿ ಓದುತ್ತದೆ. ಕೈಬರಹದಲ್ಲಿ 1 ಮತ್ತು 7 ಗೊಂದಲ ಆಗುತ್ತದೆ, ದರದಲ್ಲಿ ಆ ತಪ್ಪು ಆದರೆ ಕ್ವಿಂಟಲ್‌ಗೆ ನೂರಾರು ರೂಪಾಯಿ. ಹಾಗಾಗಿ ಅದು ಕರಡು ಮಾತ್ರ ಮಾಡಬೇಕು, ಕಾಕಾ ನೋಡಿ ಒತ್ತಿದ ಮೇಲೆಯೇ ಖಾತೆಗೆ ಹೋಗಬೇಕು ಅಂತ ಇಟ್ಟಿದ್ದೇನೆ. ಹೀಗಾದರೂ ಅರ್ಧ ಸಮಯ ಉಳಿಯುತ್ತದೆ. ಇನ್ನೊಂದು, ಮಾತಾಡಿ ದಾಖಲೆ ಹಾಕುವುದು. ನಮ್ಮ ಗೋದಾಮಿನಲ್ಲಿ ಒಂದೇ ವಾಕ್ಯದಲ್ಲಿ ಕನ್ನಡ, ದಖನಿ, ಮರಾಠಿ ಮೂರೂ ಬರುತ್ತವೆ, ಮೇಲೆ ಮಷೀನಿನ ಸದ್ದು. ಅದು ಸದ್ಯಕ್ಕೆ ಆಗಲಿಲ್ಲ, ಬಿಟ್ಟೆ. ಮುಂದಿನ ವರ್ಷ ಎಷ್ಟು ತೊಗರಿ ಕೊಳ್ಳಬೇಕು ಅಂತ ಹೇಳಿಸುವ ಆಸೆಯೂ ಇತ್ತು. ಎರಡು ಸುಗ್ಗಿಯ ಅಂಕಿ ಇಟ್ಟುಕೊಂಡು ಅದನ್ನು ಕೇಳುವುದು ತಪ್ಪು ಅನಿಸಿತು.

ಕರೆಂಟು, ನೆಟ್ ವಿಷಯ ಮರೆತು ಯಾರೂ ಕ್ಲೌಡ್‌ಗೆ, ಅಂದರೆ ನೆಟ್ ಮೂಲಕ ಬಳಸುವ ಬಾಡಿಗೆ ಸರ್ವರ್‌ಗೆ, ಹೋಗಬೇಡಿ. ಮೊದಲು ನಾನು ಸರ್ವರ್ ಅನ್ನು ಮಿಲ್ಲಿನಲ್ಲೇ ಇಟ್ಟಿದ್ದೆ. ಬೇಳೆಯ ಧೂಳು ಎರಡೇ ತಿಂಗಳಲ್ಲಿ ಅದರ ಫ್ಯಾನನ್ನು ಮುಚ್ಚಿಹಾಕಿತು. ಆಮೇಲೆ ಕ್ಲೌಡ್‌ಗೆ ಹೋದದ್ದು. ಈಗ ಎರಡು ಕಂಪನಿಯ ನೆಟ್ ಇದೆ, ಕಾಂಟಾಕ್ಕೆ ಬೇರೆ ಇನ್‌ವರ್ಟರ್ ಇದೆ. ಎರಡೂ ನೆಟ್ ಹೋದರೆ ರಾಸ್‌ಬೆರಿ ಪೈ ತೂಕವನ್ನು ತನ್ನಲ್ಲೇ ಇಟ್ಟುಕೊಂಡು, ನೆಟ್ ಬಂದ ಮೇಲೆ ಕಳಿಸುತ್ತದೆ. ನಂಬರ್ ಹಾಕಿದ ಚೀಟಿ ಪುಸ್ತಕ ಇವತ್ತೂ ಕಾಂಟಾದ ಮೇಜಿನ ಮೇಲಿದೆ. ದಿನಾ ರಾತ್ರಿ ಇಡೀ ದಾಖಲೆಯ ಒಂದು ಪ್ರತಿ ಮನೆಯ ಕಂಪ್ಯೂಟರ್‌ಗೆ ಬರುತ್ತದೆ.

ಟ್ಯಾಲಿಯನ್ನು ತೆಗೆದುಹಾಕಲಿಲ್ಲ. ನಮ್ಮ ಲೆಕ್ಕಪರಿಶೋಧಕರಿಗೆ ಅದೇ ರೂಢಿ. ಎಲ್ಲವನ್ನೂ ಒಂದೇ ಸಾಫ್ಟ್‌ವೇರ್ ಮಾಡಬೇಕು ಅನ್ನುವ ಹಠ ಈಗ ದೊಡ್ಡ ಕಂಪನಿಗಳೂ ಬಿಡುತ್ತಿವೆ. ಬೇರೆ ಬೇರೆ ಸಾಫ್ಟ್‌ವೇರ್‌ಗಳು ಒಂದಕ್ಕೊಂದು ಮಾತಾಡಿದರೆ ಸಾಕು. ನಮ್ಮಲ್ಲಿ ಪ್ರತಿ ಸಂಜೆ ಬಿಲ್ಲುಗಳು ತಾವೇ ಟ್ಯಾಲಿಗೆ ಹೋಗುತ್ತವೆ. ಮೂರು ತಿಂಗಳು ಎರಡನ್ನೂ ಹೊಂದಿಸಿ ನೋಡಿದ ಮೇಲೆಯೇ ಗೋದಾಮಿನ ವಹಿ ಬರೆಯುವುದನ್ನು ನಿಲ್ಲಿಸಿದೆವು.

ಈಗ ಮಾಡುತ್ತಿರುವುದು ಲಾಟ್ ನಂಬರ್ ಕೆಲಸ. ನಮ್ಮ ಜಿಲ್ಲೆಯ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಆದರೆ ಪ್ಯಾಕೆಟ್ ಕೊಂಡವರಿಗೆ ಒಳಗಿನ ಬೇಳೆ ಯಾವ ಊರಿನ ಹೊಲದ್ದು ಅಂತ ತಿಳಿಯುವ ದಾರಿ ಇಲ್ಲ. ಗೇಟಿನಲ್ಲೇ ಊರಿನ ಹೆಸರು, ತಳಿ ಹಾಕಿ, ಅದು ಪ್ಯಾಕೆಟ್‌ನ ಕ್ಯೂಆರ್ ಕೋಡಿನವರೆಗೆ ಬರುವಂತೆ ಮಾಡುತ್ತಿದ್ದೇನೆ. ಕಷ್ಟ ಏನೆಂದರೆ, ಅಂಗಳದಲ್ಲಿ ಒಣಗಿಸುವಾಗ ಎರಡು ಲಾಟು ಅಕ್ಕಪಕ್ಕ ಇರುತ್ತವೆ, ಗಾಳಿಗೆ, ಸಲಿಕೆಗೆ ಒಂದರೊಳಗೊಂದು ಸೇರುತ್ತವೆ. ನಿನ್ನೆ ಕಾಕಾ ಸುಣ್ಣದ ಡಬ್ಬಿ ಹಿಡಿದು ಅಂಗಳದಲ್ಲಿ ಗೆರೆ ಎಳೆಸುತ್ತಿದ್ದರು. ಎಂಟು ಮನೆ, ಒಂದೊಂದಕ್ಕೂ ದೊಡ್ಡದಾಗಿ ನಂಬರು. ನಡುವೆ ಒಬ್ಬ ಮನುಷ್ಯ ನಡೆದು ಹೋಗುವಷ್ಟು ಜಾಗ ಬಿಡಿಸಿದ್ದಾರೆ. ಅದೇ ಎಂಟು ಮನೆಗಳನ್ನು ನಾನು ಇವತ್ತು ಸಾಫ್ಟ್‌ವೇರ್‌ಗೆ ಸೇರಿಸುತ್ತಿದ್ದೇನೆ.